ಕಿಬ್ಬರ್: ಹಿಮದ ಲೆಕ್ಕದಲ್ಲಿ ಕಟ್ಟಿದ ಊರು

ಕಿಬ್ಬರ್ ಹೆಸರು ಬಂದಾಗಲೆಲ್ಲ ಜೊತೆಗೊಂದು ಅಂಕಿ ಬರುತ್ತದೆ: ಸಮುದ್ರಮಟ್ಟದಿಂದ ಸುಮಾರು 4,200 ಮೀಟರ್. ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಈ ಊರು, ಸ್ಪಿತಿಯ ಆಡಳಿತ ಕೇಂದ್ರ ಕಾಜಾದಿಂದ ರಸ್ತೆಯಲ್ಲಿ 20 ಕಿಲೋಮೀಟರಿನಷ್ಟು ಮೇಲಿದೆ. ಎತ್ತರ ತಿಳಿದಷ್ಟಕ್ಕೆ ಊರು ಅರ್ಥವಾಗುವುದಿಲ್ಲ. ಕಿಬ್ಬರ್ ಸುಮಾರು 80 ಮನೆಗೆ ಯಾಕೆ ನಿಂತಿತು? ಆಚೆಯ ತಾಶಿಗಂಗ್‌ನಲ್ಲಿ ಮನೆಗಳು ಬೆರಳೆಣಿಕೆಯಷ್ಟೇ ಯಾಕೆ? ಸುತ್ತ ಕಣ್ಣಿಗೆಟುಕುವಷ್ಟು ನೆಲ ಬಿದ್ದಿದ್ದರೂ ಹೊಲಗಳೆಲ್ಲ ಊರ ಕೆಳಗೆ ಒಂದೇ ಕಡೆ ಯಾಕೆ ಒತ್ತಿಕೊಂಡಿವೆ? ಸ್ಪಿತಿಯಲ್ಲಿ ನೆಲಕ್ಕೆ ಬರವಿಲ್ಲ, ನೀರಿಗೆ ಬರ. ಮನೆ, ಮದುವೆ, ಆಸ್ತಿ, ದನಕರು ಎಲ್ಲವೂ ಅದೇ ಲೆಕ್ಕದ ಮೇಲೆ ನಿಂತಿವೆ.

ಮುಂಗಾರಿನ ಮೋಡ ಹಿಮಾಲಯದ ದಕ್ಷಿಣದ ಸಾಲುಗಳನ್ನು ದಾಟುವಷ್ಟರಲ್ಲಿ ಬರಿದಾಗಿಬಿಡುತ್ತದೆ. ಕುಲು-ಮನಾಲಿ ಕಡೆ ಸುರಿದದ್ದರಲ್ಲಿ ಸ್ಪಿತಿಗೆ ಸಿಗುವುದು ಕೆಲವು ತುಂತುರು. ಇಲ್ಲಿನ ನೀರೆಲ್ಲ ಚಳಿಗಾಲದ ಹಿಮವಾಗಿ ಬಂದದ್ದು. ಬೆಟ್ಟವೇ ಇವರ ಕೆರೆ. ಕಿಬ್ಬರ್‌ನ ಬೆನ್ನಿಗಿರುವ ಕನಾಮೊ ಶಿಖರ 6,000 ಮೀಟರಿನ ಹತ್ತಿರ ಹೋಗುತ್ತದೆ. ಅದರ ಇಳಿಜಾರಿನಲ್ಲಿ ಕೂತ ಹಿಮ ಎಷ್ಟು, ಅದು ಯಾವಾಗ ಕರಗುತ್ತದೆ ಎಂಬುದರ ಮೇಲೆ ಆ ವರ್ಷದ ಬೆಳೆ ನಿಂತಿದೆ.

ಯಾವಾಗ ಬಿದ್ದ ಹಿಮ ಎಂಬುದೂ ಮುಖ್ಯ. ಡಿಸೆಂಬರ್-ಜನವರಿಯಲ್ಲಿ ಬಿದ್ದದ್ದು ಪದರದ ಮೇಲೆ ಪದರ ಕೂತು, ಗಟ್ಟಿಯಾಗಿ, ಬೇಸಿಗೆಯವರೆಗೂ ನಿಧಾನ ಕರಗುತ್ತದೆ. ಮಾರ್ಚ್ ಕೊನೆಗೆ ಬಿದ್ದದ್ದು ಗಟ್ಟಿಯಾಗುವ ಮೊದಲೇ ಬಿಸಿಲು ಏರಿರುತ್ತದೆ. ಅದು ಬಿತ್ತನೆಗೂ ಮೊದಲೇ ಹರಿದು ಹೋಗುತ್ತದೆ. ಹಾಗಾಗಿ ಚಳಿಗಾಲದ ಒಟ್ಟು ಹಿಮ ಅಷ್ಟೇ ಇದ್ದರೂ, ಅದು ತಡವಾಗಿ ಬಂದ ವರ್ಷ ಜೂನ್‌ನಲ್ಲಿ ಕಾಲುವೆ ಸೊರಗುತ್ತದೆ. ಬಾರ್ಲಿ ತೆನೆ ಕಟ್ಟಲು ಹೊರಡುವುದೂ, ಬಟಾಣಿ ಹೂ ಬಿಡುವುದೂ ಅದರ ಆಸುಪಾಸಿನಲ್ಲೇ.

ಈ ನೀರನ್ನು ಹೊಲಕ್ಕೆ ತರುವ ಕಾಲುವೆಗೆ ಕುಲ್ ಎನ್ನುತ್ತಾರೆ. ಹಿಮದ ತುದಿಯಿಂದ ಹೊರಟು ಬೆಟ್ಟದ ಮೈಗೆ ಅಂಟಿಕೊಂಡು, ಜಲ್ಲಿ ಉರುಳುವ ಇಳಿಜಾರುಗಳನ್ನು ಹಾದು, ಕಿಲೋಮೀಟರುಗಟ್ಟಲೆ ಬರುತ್ತದೆ. ಬಾಯಿಯ ಹತ್ತಿರ ಎರಡೂ ಬದಿಗೆ ಕಲ್ಲು ಕಟ್ಟಿರುತ್ತಾರೆ, ಹೂಳು ತುಂಬಿ ಮುಚ್ಚಿಹೋಗದಿರಲೆಂದು. ಅಲ್ಲಿಂದ ಮುಂದೆ ಬಹುತೇಕ ಬರಿ ಮಣ್ಣಿನ ತೋಡು. ಚಳಿಗಾಲದಲ್ಲಿ ಮಂಜುಗಡ್ಡೆ ಅಂಚು ಒಡೆಯುತ್ತದೆ, ಹಿಮ ಜಾರಿ ಕಲ್ಲು ತಂದು ಸುರಿಯುತ್ತದೆ. ಅದಕ್ಕೇ ವಸಂತದಲ್ಲಿ ನೇಗಿಲು ಹೂಡುವ ಮುನ್ನ ಮನೆಗೊಂದು ಆಳು ಹೋಗಿ ಕುಲ್ ರಿಪೇರಿ ಮಾಡುತ್ತಾರೆ. ಈ ಕೆಲಸಕ್ಕೆ ತಪ್ಪಿಸಿಕೊಂಡ ಮನೆಗೆ ನೀರಿನ ಸರದಿಯಲ್ಲಿ ಮಾತಾಡಲು ಬಾಯಿರುವುದಿಲ್ಲ.

ಕುಲ್ ನೇರವಾಗಿ ಹೊಲಕ್ಕೆ ಬೀಳುವುದಿಲ್ಲ. ಊರ ಮೇಲುಗಡೆ ಒಂದು ದುಂಡನೆಯ ಹೊಂಡಕ್ಕೆ ಬಂದು ಸೇರುತ್ತದೆ. ಅದೇ ಜಿಂಗ್. ಸಂಜೆ ಅದರ ತೂಬು ಮುಚ್ಚುತ್ತಾರೆ. ರಾತ್ರಿಯಿಡೀ ನೀರು ತೊಟ್ಟು ತೊಟ್ಟಾಗಿ ತುಂಬುತ್ತದೆ. ಬೆಳಗ್ಗೆ ತೂಬು ಎಳೆದರೆ ಆ ದಿನದ ಸರದಿಯ ಹೊಲಗಳಿಗೆ ಹರಿದು, ಸಂಜೆಗೆ ಹೊಂಡ ಖಾಲಿ. ಮತ್ತೆ ತೂಬು ಮುಚ್ಚುವುದು. ಇಷ್ಟು ಖಟಪಟಿ ಯಾಕೆಂದರೆ, ಕುಲ್‌ನ ಸಣ್ಣ ಧಾರೆಯನ್ನು ಬಂದ ಹಾಗೇ ಬಿಟ್ಟರೆ ಈ ಜಲ್ಲಿ ಮಣ್ಣು ಮೊದಲ ಎರಡು ಹೊಲದಲ್ಲೇ ಎಲ್ಲ ಕುಡಿದುಬಿಡುತ್ತದೆ, ಕೊನೆಯ ಹೊಲಕ್ಕೆ ಒದ್ದೆಯೂ ಮುಟ್ಟುವುದಿಲ್ಲ. ರಾತ್ರಿಯ ನೀರನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಲ ಬಿಟ್ಟರೆ ಅದಕ್ಕೆ ಒತ್ತಡ ಇರುತ್ತದೆ, ಬಾಲದವರೆಗೂ ಓಡುತ್ತದೆ. ನಮ್ಮ ಕೆರೆಗಳ ನೀರುಗಂಟಿಯ ಕೆಲಸ ಬಲ್ಲವರಿಗೆ ಈ ಜಾಣತನ ಬೇಗ ತಿಳಿಯುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿನ ಕೆರೆ ದಿನಕ್ಕೊಮ್ಮೆ ತುಂಬಿ ದಿನಕ್ಕೊಮ್ಮೆ ಬತ್ತುತ್ತದೆ.

ಹೊಲದ ಮೇಲೆ ಹಿಮ ತಡವಾಗಿ ಕೂತಿದ್ದರೆ ಅದರ ಮೇಲೆ ಮಣ್ಣು, ಬೂದಿ ಎರಚುವ ರೂಢಿಯೂ ಇದೆ. ಬಿಳಿ ಹಿಮ ಬಿಸಿಲನ್ನು ವಾಪಸ್ ಎಸೆಯುತ್ತದೆ. ಕಪ್ಪು ಪುಡಿ ಬಿಸಿಲು ಹೀರಿ ಕೆಳಗಿನ ಹಿಮವನ್ನು ಕರಗಿಸುತ್ತದೆ. ವರ್ಷಕ್ಕೆ ಒಂದೇ ಬೆಳೆ ಇರುವ ಕಡೆ, ಏಪ್ರಿಲ್ ಕೊನೆ ಅಥವಾ ಮೇನಲ್ಲಿ ಬಿತ್ತಿ ಸೆಪ್ಟೆಂಬರ್ ಹಿಮಕ್ಕೆ ಮೊದಲು ಕೊಯ್ಯಬೇಕಾದ ಕಡೆ, ಒಂದು ವಾರ ಮುಂದೆ ಬಿತ್ತುವುದೆಂದರೆ ಸಣ್ಣ ಲಾಭವಲ್ಲ.

ಆಸ್ತಿಯ ಕಟ್ಟಳೆ ಹುಟ್ಟಿದ್ದೂ ಈ ನೀರಿನಿಂದಲೇ. ಸ್ಪಿತಿಯಲ್ಲಿ ಖಾಂಗ್‌ಚೆನ್ ಅಂದರೆ ದೊಡ್ಡಮನೆ, ಖಾಂಗ್‌ಚುಂಗ್ ಅಂದರೆ ಸಣ್ಣಮನೆ. ಹೊಲವೂ ನೀರಿನ ಪಾಲೂ ದೊಡ್ಡಮನೆಗೆ ಸೇರಿದ್ದು. ಅದು ಸಂಪ್ರದಾಯದಂತೆ ಹಿರಿಯ ಮಗನಿಗೆ ಇಡಿಯಾಗಿ ಹೋಗುತ್ತದೆ. ಅವನು ಸಂಸಾರ ವಹಿಸಿಕೊಂಡಾಗ ತಂದೆತಾಯಿ ಸಣ್ಣಮನೆಗೆ ಸರಿಯುತ್ತಾರೆ, ಬದುಕಿರುವಷ್ಟು ದಿನಕ್ಕೆ ಒಂದು ತುಂಡು ಹೊಲ ಇಟ್ಟುಕೊಂಡು. ಕಿರಿಯ ಗಂಡುಮಕ್ಕಳು ಗೊಂಪಾಕ್ಕೆ, ಅಂದರೆ ಬೌದ್ಧ ಮಠಕ್ಕೆ ಹೋಗುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಇದು ಕಠಿಣ ಕಂಡೀತು, ಕಿರಿಯರ ಪಾಲಿಗೆ ಕಠಿಣವೂ ಹೌದು. ಲೆಕ್ಕ ಮಾತ್ರ ಸರಳ: ಜಿಂಗ್‌ನ ಒಂದು ದಿನದ ನೀರನ್ನು ಮೂರು ತಲೆಮಾರಿನಲ್ಲಿ ಎಂಟು ಪಾಲು ಮಾಡಿದರೆ ಯಾರ ಹೊಲವೂ ನೆನೆಯುವುದಿಲ್ಲ. ಊರಿನ ಮನೆಗಳ ಸಂಖ್ಯೆ ತಲೆಮಾರುಗಟ್ಟಲೆ ಹೆಚ್ಚೂಕಡಿಮೆ ಅಷ್ಟರಲ್ಲೇ ನಿಂತದ್ದು ಹೀಗೆ. ಸರ್ಕಾರಿ ನೌಕರಿ, ಹೋಮ್‌ಸ್ಟೇ, ಟ್ಯಾಕ್ಸಿ ಬಂದ ಮೇಲೆ ಕಿರಿಯರಿಗೆ ಬೇರೆ ದಾರಿ ತೆರೆದಿದೆ, ಕಟ್ಟಳೆಯೂ ಸಡಿಲಾಗುತ್ತಿದೆ.

ಅಕ್ಕಪಕ್ಕದ ಊರುಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಒಂದೊಂದು ಊರು ಒಂದೊಂದು ಹಿಮದ ಮಡಿಲಿಗೆ ಕಟ್ಟಿಕೊಂಡದ್ದು. ಕಾಜಾದಿಂದ ಕಿಬ್ಬರ್‌ಗೆ ಹತ್ತುವ ದಾರಿಯಲ್ಲಿ ಮೊದಲು ಕೀ ಸಿಗುತ್ತದೆ. ದಿಬ್ಬದ ಮೇಲೆ ಗೂಡು ಗೂಡಾಗಿ ಪೇರಿಸಿದಂತಿರುವ ಅದರ ಗೊಂಪಾ 1975ರ ಕಿನ್ನೌರ್ ಭೂಕಂಪದಲ್ಲಿ ಪೆಟ್ಟು ತಿಂದು ಮತ್ತೆ ಎದ್ದು ನಿಂತದ್ದು. ಅಲ್ಲಿಂದ ಮೇಲಕ್ಕೆ ಕವಲೊಡೆದ ದಾರಿ ಗೇಟೆ, ತಾಶಿಗಂಗ್‌ಗೆ ಹೋಗುತ್ತದೆ. 2019ರ ಲೋಕಸಭಾ ಚುನಾವಣೆಯಿಂದ ತಾಶಿಗಂಗ್‌ನ ಮತಗಟ್ಟೆ 15,256 ಅಡಿಯಲ್ಲಿ, ಜಗತ್ತಿನಲ್ಲೇ ಅತಿ ಎತ್ತರದ್ದು ಎಂದು ಹೆಸರಾಗಿದೆ. ಅದಕ್ಕೆ ಮೊದಲು ಆ ಹೆಸರು ಹಿಕ್ಕಿಂಗೆ ಇತ್ತು.

ಚಿಚಂ ಕಿಬ್ಬರ್‌ನ ಎದುರು ದಂಡೆಯ ಊರು. ಕೂಗಿದರೆ ಕೇಳುವಷ್ಟು ಹತ್ತಿರ, ಹೋಗಲು ಮಾತ್ರ ಬಹಳ ದೂರ, ಏಕೆಂದರೆ ನಡುವೆ ಕತ್ತಿಯಲ್ಲಿ ಸೀಳಿದಂಥ ಕೊರಕಲು ಇದೆ. ದಶಕಗಳ ಕಾಲ ಜನ, ಸಾಮಾನು, ರೋಗಿಗಳು ಎಲ್ಲರೂ ತಂತಿಗೆ ನೇತುಹಾಕಿದ ತೊಟ್ಟಿಲಲ್ಲಿ ಕೂತು, ಹಗ್ಗ ಕೈಯಿಂದ ಎಳೆದುಕೊಂಡು ದಾಟುತ್ತಿದ್ದರು. 2017ರಲ್ಲಿ ಸೇತುವೆ ತೆರೆಯಿತು. ಪ್ರವಾಸಿಗರು ಅದರ ಮೇಲೆ ನಿಂತು ಫೋಟೊ ತೆಗೆಯುತ್ತಾರೆ, ಆದರೆ ಆ ಸೇತುವೆಯ ನಿಜವಾದ ಬೆಲೆ ಗೊತ್ತಿರುವುದು ಬಸುರಿಯನ್ನು ತೊಟ್ಟಿಲಲ್ಲಿ ಕೂರಿಸಿ ದಾಟಿಸಿದ ಊರಿಗೆ.

ಕಾಜಾದಿಂದ ಹತ್ತುವ ಇನ್ನೊಂದು ರಸ್ತೆಯಲ್ಲಿ ಲಾಂಗ್ಜಾ, ಹಿಕ್ಕಿಂ, ಕೊಮಿಕ್ ಇವೆ. ಲಾಂಗ್ಜಾ ಸುಮಾರು 4,400 ಮೀಟರಿನಲ್ಲಿ, 6,303 ಮೀಟರಿನ ಚೌ ಚೌ ಕಾಂಗ್ ನಿಲ್ಡಾ ಶಿಖರದ ಬುಡದಲ್ಲಿದೆ. ಅದರ ಸುತ್ತಲಿನ ಕಪ್ಪು ಜೇಡಿಕಲ್ಲಿನಲ್ಲಿ ಸುರುಳಿ ಚಿಪ್ಪಿನ ಅಮೊನೈಟ್ ಪಳೆಯುಳಿಕೆಗಳು ಸಿಗುತ್ತವೆ. ಭಾರತದ ಭೂಭಾಗ ಬಂದು ಏಷ್ಯಾಕ್ಕೆ ಒತ್ತುವ ಮುನ್ನ ಇದು ಟೆಥಿಸ್ ಸಮುದ್ರದ ತಳವಾಗಿತ್ತು. ಮಕ್ಕಳು ತಂದು ತೋರಿಸಿದರೆ ನೋಡಿ ಸಂತೋಷಪಡಿ, ಕೊಳ್ಳಬೇಡಿ. ಬೆಟ್ಟದಿಂದ ಬಿಡಿಸಿಕೊಂಡ ಚಿಪ್ಪು ಯಾವ ಪದರದ್ದು ಎಂಬ ಗುರುತು ಅಲ್ಲಿಗೆ ಅಳಿಸಿಹೋಗುತ್ತದೆ. ಹಿಕ್ಕಿಂನಲ್ಲಿ 1983ರಲ್ಲಿ ಶುರುವಾದ ಅಂಚೆ ಕಚೇರಿ ಇದೆ. ಅಲ್ಲಿನ ಟಪಾಲು ಕಾಜಾಕ್ಕೆ ಕಾಲ್ನಡಿಗೆಯಲ್ಲಿ ಇಳಿಯುತ್ತಿತ್ತು. ಕೊಮಿಕ್ ಸುಮಾರು 4,587 ಮೀಟರಿನದು. ಮೂರರಲ್ಲಿ ಅತಿ ಎತ್ತರದ್ದು. ಮೇಲೆ ಹೋದಷ್ಟೂ ಊರಿನ ತಲೆಯ ಮೇಲೆ ಉಳಿಯುವ ಬೆಟ್ಟ ಚಿಕ್ಕದು, ಹಿಮ ಹಿಡಿಯುವ ಜಾಗ ಕಡಿಮೆ. ಹಿಮ ಕೈಕೊಟ್ಟ ವರ್ಷ ಮೊದಲು ಒಣಗುವುದು ಇಂಥ ಮೇಲಿನ ಊರುಗಳೇ.

ಊಟದ ವಿಷಯಕ್ಕೆ ಬಂದರೆ, ಎತ್ತರ ಅಡುಗೆಮನೆಗೇ ಕೈಹಾಕುತ್ತದೆ. 4,200 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟು. ನೀರು 100 ಡಿಗ್ರಿಯ ಬದಲು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಒಳಗೆ ಕಾಳು ಕಾಳೇ. ಕುಕ್ಕರ್ ಇಟ್ಟರೂ ಕೆಳಗಿನಷ್ಟು ಬಿಸಿ ಏರುವುದಿಲ್ಲ, ಏಕೆಂದರೆ ಕುಕ್ಕರಿನ ತೂಕ ಹೊರಗಿನ ಒತ್ತಡಕ್ಕಿಂತ ಇಂತಿಷ್ಟು ಹೆಚ್ಚಾದಾಗ ಎದ್ದು ಸೀಟಿ ಹೊಡೆಯುತ್ತದೆ. ಹೊರಗಿನದೇ ಕಡಿಮೆ ಇದ್ದರೆ ಒಳಗಿನದೂ ಕಡಿಮೆ. ಬೆಂಗಳೂರಿನಲ್ಲಿ 120 ಡಿಗ್ರಿಯ ಹತ್ತಿರ ಬೇಯುವುದು ಇಲ್ಲಿ 113-114ರಲ್ಲಿ ಬೇಯುತ್ತದೆ. ಬೇಳೆ ನೆನೆಸಿಡಿ, ಮೂರು ಸೀಟಿಯ ಜಾಗದಲ್ಲಿ ಐದಾರು ಲೆಕ್ಕ ಹಿಡಿಯಿರಿ.

ಸ್ಪಿತಿಯವರು ಕುಕ್ಕರ್ ಬರುವ ಶತಮಾನಗಳ ಮೊದಲೇ ಇದಕ್ಕೆ ಉತ್ತರ ಕಂಡುಕೊಂಡಿದ್ದರು: ಬೇಯಿಸುವುದನ್ನೇ ಬಿಟ್ಟು ಹುರಿಯುವುದು. ಬಾರ್ಲಿಯನ್ನು ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ನೀರುಗಿರಣಿಯಲ್ಲಿ ಬೀಸಿದರೆ ತ್ಸಾಂಪಾ. ನಮ್ಮ ರಾಗಿ ಹುರಿಹಿಟ್ಟಿನ ನೇರ ಬಂಧು. ಹುರಿಯುವ ಬಾಣಲೆಗೆ ಗಾಳಿಯ ಒತ್ತಡದ ಹಂಗಿಲ್ಲ, ನೀರಿಲ್ಲದ ಬಿಸಿ 86 ಡಿಗ್ರಿಗೆ ನಿಲ್ಲುವುದಿಲ್ಲ. ಉಪ್ಪು-ಬೆಣ್ಣೆಯ ಚಹಾಕ್ಕೆ ಕಲಸಿದರೆ ಊಟ ಸಿದ್ಧ, ಉರುವಲು ಖರ್ಚಿಲ್ಲ. ಮರವೇ ಇಲ್ಲದ ನಾಡಿನಲ್ಲಿ ಉರುವಲೆಂದರೆ ಬೆರಣಿ, ಬೆಟ್ಟದ ಮುಳ್ಳುಪೊದೆ, ನೀರಿನ ಬದಿಗೆ ನೆಟ್ಟ ವಿಲೋ ಕೊಂಬೆ, ಮತ್ತೆ ಹೊರಗಿನಿಂದ ಲಾರಿಯಲ್ಲಿ ಬರುವ ಸೌದೆ.

ಬಾರ್ಲಿಯ ಜೊತೆ ಹಿಂದೆ ಕಪ್ಪು ಬಟಾಣಿ ಬೆಳೆಯುತ್ತಿದ್ದರು, ಅದು ಮನೆ ಬಳಕೆಯದು. ಈಗ ಹಸಿರು ಬಟಾಣಿ ಹೊಲ ಆಳುತ್ತಿದೆ. ಬಯಲುಸೀಮೆಯ ಬಿಸಿಲಿಗೆ ಬಟಾಣಿ ಬಾರದ ಕಾಲದಲ್ಲಿ ಸ್ಪಿತಿಯ ಬಟಾಣಿ ಮಂಡಿಗೆ ಇಳಿಯುತ್ತದೆ, ಅದಕ್ಕೇ ಬೆಲೆ. ಅಪಾಯ ಎರಡು. ಒಂದು, ನೀರಿನ ಒಂದು ಸರದಿ ತಪ್ಪಿದರೂ ಕಾಯಿ ತುಂಬದು; ಬಾರ್ಲಿಯಷ್ಟು ತಾಳಿಕೆ ಇದಕ್ಕಿಲ್ಲ. ಎರಡು, ಕೊಯ್ದ ಮೇಲೆ ಕಾಯುವುದಿಲ್ಲ. ಆಗಸ್ಟ್‌ನಲ್ಲಿ ಕಿನ್ನೌರ್ ಕಡೆ ಗುಡ್ಡ ಕುಸಿದು ರಸ್ತೆ ನಾಲ್ಕು ದಿನ ಮುಚ್ಚಿದರೆ ಚೀಲದಲ್ಲೇ ಬಿಸಿಯೇರಿ ಹಳದಿಯಾಗುತ್ತದೆ. ಬಾರ್ಲಿ ಹಾಗಲ್ಲ, ಕಣಜದಲ್ಲಿ ವರ್ಷಗಟ್ಟಲೆ ಇರುತ್ತದೆ. ದುಡ್ಡು ಬಟಾಣಿಯಲ್ಲಿ, ಭದ್ರತೆ ಬಾರ್ಲಿಯಲ್ಲಿ. ಎರಡನ್ನೂ ಇಟ್ಟುಕೊಂಡ ಮನೆಯೇ ಜಾಣಮನೆ.

ಮನೆಗಳ ಬಗ್ಗೆ ಬೇಗ ಹೇಳಿಬಿಡಬಹುದು. ದಪ್ಪ ಗೋಡೆ, ಸಣ್ಣ ಕಿಟಕಿ, ಬಿಸಿಲಿಗೆ ಮುಖ. ಸ್ಪಿತಿಯ ಬಹಳ ಊರುಗಳಲ್ಲಿ ಮಣ್ಣಿನಿಟ್ಟಿಗೆ, ಕಿಬ್ಬರ್‌ನಲ್ಲಿ ಕಲ್ಲು ಹೆಚ್ಚು. ಚಾವಣಿ ಚಪ್ಪಟೆ: ಪಾಪ್ಲರ್ ತೊಲೆ, ಮೇಲೆ ವಿಲೋ ಕಡ್ಡಿ, ಅದರ ಮೇಲೆ ಪೊದೆ, ಕೊನೆಗೆ ತುಳಿದು ಗಟ್ಟಿಮಾಡಿದ ಮಣ್ಣು. ಹಿಮಕ್ಕೆ ಇದು ಚೆನ್ನ, ಬಿದ್ದ ದಿನವೇ ಮರದ ಸಲಿಕೆಯಲ್ಲಿ ತಳ್ಳಿದರೆ ಆಯಿತು. ಮಳೆಗೆ ಇದು ಕಟ್ಟಿದ್ದಲ್ಲ. ಬೇಸಿಗೆಯಲ್ಲಿ ಒಂದೂವರೆ ದಿನ ಬಿಡದೆ ಸುರಿದರೆ ಮಣ್ಣು ನೆನೆದು ಭಾರವಾಗಿ, ಮೊದಲು ಸೋರಿ ಆಮೇಲೆ ತೊಲೆ ಬಾಗುತ್ತದೆ. ತಗಡು ಹಾಕಿಸಿದವರಿಗೆ ಸೋರುವ ಕಾಟ ತಪ್ಪಿದೆ, ಚಳಿಯ ಕಾಟ ಹೆಚ್ಚಿದೆ.

ಬಾರ್ಲಿ ಕೊಯ್ದ ಹುಲ್ಲು ಚಾವಣಿಯಂಚಿಗೆ ಏರುತ್ತದೆ, ಚಳಿಗಾಲದ ಮೇವಿಗೆ. ಇಲ್ಲಿಂದ ದನಕರುಗಳ ಕತೆ. ಯಾಕ್, ಹಸು, ಇವೆರಡರ ಮಿಶ್ರತಳಿಯಾದ ಜೊ ಮತ್ತು ಜೊಮೊ, ಕುದುರೆ, ಕತ್ತೆ, ಕುರಿ, ಮೇಕೆ. ಕುರಿ-ಮೇಕೆಗಳನ್ನು ಮನೆಗಳವರು ಸರದಿಯ ಮೇಲೆ ಮೇಯಿಸಿ ಸಂಜೆ ಊರಿಗೆ ತರುತ್ತಾರೆ. ಯಾಕ್ ಮತ್ತು ಕುದುರೆ ಬೆಟ್ಟದ ಹುಲ್ಲುಗಾವಲಲ್ಲಿ ಕಾವಲಿಲ್ಲದೆ ತಿರುಗುತ್ತವೆ. ಹಿಂದೆ 5,500 ಮೀಟರಿಗೂ ಎತ್ತರದ ಪಾರಾಂಗ್ ಲಾ ಎಂಬ ಕಣಿವೆದಾರಿ ದಾಟಿ ಲಡಾಖಿನ ಚಾಂಗ್‌ಥಾಂಗ್ ಜೊತೆ ವ್ಯಾಪಾರ ನಡೆಯುತ್ತಿದ್ದಾಗ ಕುದುರೆಯೇ ಇಲ್ಲಿನ ಸರಕು.

ಅದೇ ಹುಲ್ಲನ್ನು ಭರಾಲ್ ಎಂಬ ನೀಲಿ ಕುರಿಯೂ ಐಬೆಕ್ಸ್ ಎಂಬ ಕಾಡುಮೇಕೆಯೂ ಮೇಯುತ್ತವೆ. ಅವನ್ನು ಹಿಡಿದು ತಿನ್ನುವುದು ಹಿಮಚಿರತೆ. ಸ್ಪಿತಿಯವರ ಬಾಯಲ್ಲಿ ಶೆನ್. ಊರಿನ ಹಿಂಡು ಹೆಚ್ಚಿ ಹುಲ್ಲು ತೆಳುವಾದರೆ ಭರಾಲ್ ಇಳಿಯುತ್ತದೆ, ಭರಾಲ್ ಇಳಿದರೆ ಶೆನ್ ಹಾಗೂ ತೋಳ ಊರಿನ ಹಿಂಡಿಗೇ ಬಾಯಿಹಾಕುತ್ತವೆ. 1990ರ ದಶಕದಲ್ಲಿ ಕಿಬ್ಬರ್ ಸುತ್ತ ವನ್ಯಜೀವಿ ಸಂಶೋಧಕ ಚಾರುದತ್ತ ಮಿಶ್ರಾ ನಡೆಸಿದ ಅಧ್ಯಯನದಲ್ಲಿ ಜನ 18 ತಿಂಗಳಲ್ಲಿ 189 ಜಾನುವಾರು ಕಾಡುಪ್ರಾಣಿಗೆ ಹೋದವು ಎಂದರು. ಒಟ್ಟು ಹಿಂಡಿನ ಶೇ 18. ಇಷ್ಟು ಕಳೆದುಕೊಂಡವರ ಮುಂದೆ ಹೋಗಿ ಚಿರತೆ ಉಳಿಸಿ ಎಂದರೆ ಯಾರು ಕೇಳುತ್ತಾರೆ? 1992ರಲ್ಲಿ ಕಿಬ್ಬರ್ ವನ್ಯಧಾಮ ಘೋಷಣೆಯಾಗಿತ್ತು, ಆದರೆ ಘೋಷಣೆಯಿಂದ ಯಾಕ್ ವಾಪಸ್ ಬರುವುದಿಲ್ಲ.

ಮುಂದೆ ಆದದ್ದಕ್ಕೆ ಕರ್ನಾಟಕದ ನಂಟಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಊರಿನವರೊಡನೆ ಕೂತು ಮೂರು ಕೆಲಸ ಕಟ್ಟಿತು. 1998ರಲ್ಲಿ ಕಿಬ್ಬರ್‌ನ ಹುಲ್ಲುಗಾವಲಿನಲ್ಲಿ ಸುಮಾರು 5 ಚದರ ಕಿಲೋಮೀಟರನ್ನು ಮೇಯಿಸದೆ ಬಿಡುವ ಒಪ್ಪಂದವಾಯಿತು, ಅದಕ್ಕೆ ಊರಿಗೆ ಹಣ. ಹುಲ್ಲು ಎದ್ದಿತು, ಭರಾಲ್ ಹೆಚ್ಚಿದವು, ಜಾಗವನ್ನು ನಂತರ ವಿಸ್ತರಿಸಿದರು. 2002ರಲ್ಲಿ ಜಾನುವಾರು ವಿಮೆ ಶುರುವಾಯಿತು. ಕಂತು ಕಟ್ಟುವವರು ಊರಿನವರು, ನಿಧಿ ನೋಡಿಕೊಳ್ಳುವವರೂ ಊರಿನವರು. ಸತ್ತದ್ದು ನಿಜವಾಗಿ ಚಿರತೆಯಿಂದಲೋ, ಕೊರಕಲಿಗೆ ಬಿದ್ದೋ ಎಂದು ಹೇಳುವ ಸಮಿತಿಯೂ ಊರಿನದೇ. ಸುಳ್ಳು ಕ್ಲೇಮು ಬಂದರೆ ಕರಗುವುದು ಪಕ್ಕದ ಮನೆಯವನ ದುಡ್ಡು, ಹಾಗಾಗಿ ಸುಳ್ಳು ನಿಲ್ಲುವುದಿಲ್ಲ.

ಮೂರನೆಯದು ದೊಡ್ಡಿ. ಕುರಿದೊಡ್ಡಿಗೆ ಕಲ್ಲುಗೋಡೆ ಇರುತ್ತಿತ್ತು, ಮೇಲೆ ಮುಚ್ಚಿಗೆ ಇರುತ್ತಿರಲಿಲ್ಲ. ಶೆನ್‌ಗೆ ಒಳಕ್ಕೆ ಹಾರುವುದು ಸಲೀಸು. ಒಳಗೆ ಹಿಂಡು ಬೆದರಿ ಅತ್ತಿತ್ತ ನುಗ್ಗುತ್ತದೆ, ಎದುರಿಗೆ ಓಡಾಡುವುದನ್ನೆಲ್ಲ ಅದು ಕಚ್ಚುತ್ತ ಹೋಗುತ್ತದೆ. ತಿನ್ನುವುದು ಒಂದನ್ನೇ ಆದರೂ ಬೆಳಗ್ಗೆ ಹತ್ತಿಪ್ಪತ್ತು ಸತ್ತು ಬಿದ್ದಿರುತ್ತವೆ. ಒಂದು ರಾತ್ರಿಯಲ್ಲಿ ಮನೆಯ ಇಡೀ ಹಿಂಡು. ಪರಿಹಾರ ಕಬ್ಬಿಣದ ಬಲೆ: ಚಾವಣಿಗೆ ಕೊಳವೆ ಅಥವಾ ತೊಲೆ ಹಾಯಿಸಿ ಬಲೆ ಬಿಗಿಯುವುದು, ಬಾಗಿಲಿಗೆ ಸಂದು ಬಿಡದಂತೆ ಚೌಕಟ್ಟು, ಬೆಳಕಿಂಡಿಗೂ ಬಲೆ. ಬಾಗಿಲ ಕೆಳಗೆ ಒಂದು ಗೇಣು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಈ ಮೂರೂ ಒಟ್ಟಿಗೇ ಬೇಕು. ಭರಾಲ್ ಹೆಚ್ಚಿದ ಕಡೆ ಶೆನ್ ಕೂಡ ಹೆಚ್ಚುತ್ತದೆ, ಊರ ಜಾನುವಾರಿಗೆ ಅಪಾಯವೂ ಹೆಚ್ಚುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಹುಲ್ಲುಗಾವಲು ಬಿಡಿಸಿ ದೊಡ್ಡಿ ಭದ್ರ ಮಾಡದಿದ್ದರೆ ಊರಿಗೇ ಹೊಡೆತ. 2024ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಭಾರತದಲ್ಲಿ 718 ಹಿಮಚಿರತೆ, ಹಿಮಾಚಲದಲ್ಲಿ 51 ಎಂದಿತು. ಫೆಬ್ರುವರಿ-ಮಾರ್ಚ್‌ನಲ್ಲಿ ಅವನ್ನು ನೋಡಲು ಬರುವವರಿಗೆ ಕಿಬ್ಬರ್‌ನ ಯುವಕರೇ ದುರ್ಬೀನು ಹಿಡಿದು ದಾರಿ ತೋರಿಸುತ್ತಾರೆ.

ಹೋಗುವವರಿಗೆ ಕೆಲವು ಮಾತು. ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ, ಮನಾಲಿಯಿಂದ ಒಂದೇ ದಿನಕ್ಕೆ ಕಾಜಾ ಮುಟ್ಟಿ, ಮರುದಿನ ಕಿಬ್ಬರ್‌ನಲ್ಲಿ ಮಲಗುವ ಯೋಜನೆ ಕೆಟ್ಟ ಯೋಜನೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಶಿಮ್ಲಾ ಕಡೆಯ ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ಕಲ್ಪಾ 2,960, ತಾಬೊ 3,280, ಕಾಜಾ ಸುಮಾರು 3,700, ಅಲ್ಲಿ ಎರಡು ರಾತ್ರಿ, ಆಮೇಲೆ ಕಿಬ್ಬರ್. ತಲೆನೋವು, ವಾಕರಿಕೆ ಇದ್ದರೆ ಮೇಲೆ ಹತ್ತಬೇಡಿ. ಕೂತಲ್ಲೇ ಏದುಸಿರು ಬಂದರೆ, ನೆಟ್ಟಗೆ ನಡೆಯಲಾಗದೆ ತೂರಾಡಿದರೆ ಬೆಳಗಿನವರೆಗೆ ಕಾಯಬೇಡಿ, ಆಗಲೇ ಇಳಿಸಿ. ಇಳಿಸುವುದು ತಾಬೊ, ಕಿನ್ನೌರ್ ಕಡೆಗೆ. ಮನಾಲಿ ಕೆಳಗಿದೆಯೆಂದು ಆ ಕಡೆ ಹೊರಟರೆ ರೋಗಿ ಮೊದಲು 4,500 ಮೀಟರ್ ಮೀರಿದ ಕುಂಜುಂ ಕಣಿವೆದಾರಿ ಏರಬೇಕಾಗುತ್ತದೆ. ಆ ದಾರಿ ತೆರೆದಿರುವುದೇ ಸುಮಾರು ಜೂನ್‌ನಿಂದ ಅಕ್ಟೋಬರ್‌ವರೆಗೆ.

ಇನ್ನೊಂದು, ಶೌಚಾಲಯ. ಹೋಮ್‌ಸ್ಟೇಯಲ್ಲಿ ಫ್ಲಶ್ ಇಲ್ಲವೆಂದು ಮುಖ ಗಂಟಿಕ್ಕಬೇಡಿ. ಸ್ಪಿತಿಯ ಒಣ ಶೌಚಾಲಯ ಎರಡಂತಸ್ತಿನದು. ಮೇಲಿನ ಕೋಣೆಯ ನೆಲದಲ್ಲಿ ತೂತು, ಮೂಲೆಯಲ್ಲಿ ಬೂದಿ-ಮಣ್ಣಿನ ಗುಡ್ಡೆ, ಸಲಿಕೆ. ಪ್ರತಿಸಲ ಒಂದೆರಡು ಸಲಿಕೆ ಹಾಕಿದರೆ ವಾಸನೆಯಿಲ್ಲ. ನೀರು ಸುರಿದರೆ ಮಾತ್ರ ಕೆಡುತ್ತದೆ. ವಸಂತದಲ್ಲಿ ಕೆಳಗಿನ ಕೋಣೆಯ ಬಾಗಿಲು ತೆಗೆದು, ಒಣಗಿ ಪುಡಿಯಾದದ್ದನ್ನು ಕತ್ತೆಯ ಮೇಲೆ ಹೇರಿ ಬಿತ್ತನೆಗೆ ಮೊದಲು ಹೊಲಕ್ಕೆ ಹಾಕುತ್ತಾರೆ. ಸಗಣಿಯ ಬಹುಪಾಲು ಒಲೆಗೆ ಹೋಗುವ ಊರಿನಲ್ಲಿ ಹೊಲಕ್ಕೆ ಉಳಿದ ದೊಡ್ಡ ಗೊಬ್ಬರ ಇದೇ. ಅತಿಥಿಗಳಿಗಾಗಿ ಫ್ಲಶ್ ಹಾಕಿಸಿದ ಕಡೆ ಒಂದು ಸಲಕ್ಕೆ ಆರೇಳು ಲೀಟರ್ ನೀರು ಹೋಗುತ್ತದೆ, ಚಳಿಗೆ ಗುಂಡಿಯಲ್ಲಿ ಕೊಳೆಯುವಿಕೆ ನಿಧಾನವಾಗುತ್ತದೆ, ಹೊಲಕ್ಕೆ ಗೊಬ್ಬರ ತಪ್ಪುತ್ತದೆ. ನವೆಂಬರ್ ಬಂದರೆ ಕೊಳವೆ ಹೆಪ್ಪುಗಟ್ಟಿ ಹೇಗೂ ನಿಲ್ಲುತ್ತದೆ. ಆಮೇಲೆ ಮನೆಯ ಹೆಂಗಸರು ಹೆಪ್ಪುಗಟ್ಟದ ಒರತೆಗೆ ಹೋಗಿ ಇಪ್ಪತ್ತು ಲೀಟರಿನ ಕ್ಯಾನ್ ಬೆನ್ನಿಗೆ ಕಟ್ಟಿಕೊಂಡು, ಹಿಮ ತುಳಿದು ದಾರಿ ಮಾಡಿಕೊಳ್ಳುತ್ತ ನೀರು ತರುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಉಳಿಯುವವರು ಮುಖ ತೊಳೆಯಲು ಕೇಳುವ ಬಿಸಿನೀರು ಆ ಕ್ಯಾನಿನದೇ.